ಶುಗರ್ ಇಂಜೆಕ್ಷನ್ನು ಮತ್ತು ನಮ್ಮ ಇಟ್ಟಮಡುವಿನ ಮಂಡಿಗಳು

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಾ ಬಂದಿದ್ದ ವಿಷಯ ಇದು. ನಾನೇನು ಡಾಕ್ಟರಲ್ಲ. ಆದರೆ ಈಚೆಗೆ ನಮ್ಮ ಬೀದಿಯಲ್ಲಿ, ನೆಂಟರ ವಾಟ್ಸಾಪ್ ಗುಂಪಿನಲ್ಲಿ, ಕೊನೆಗೆ ಮದುವೆಮನೆ ಊಟದ ಪಂಕ್ತಿಯಲ್ಲೂ ಒಂದೇ ಪ್ರಶ್ನೆ ಕೇಳಿಬರುತ್ತಿದೆ: "ಶುಗರಿಗೆ ಕೊಡ್ತಾರಲ್ಲ, ಆ ವಾರಕ್ಕೊಂದು ಇಂಜೆಕ್ಷನ್ನು, ಅದು ತಗೊಂಡ್ರೆ ಮಂಡಿನೋವೂ ಹೋಗತ್ತಂತೆ, ಹೌದಾ?"

ಚಿಕ್ಕ ಉತ್ತರ ಬೇಕಿದ್ದವರಿಗೆ: ಕೆಲವರಿಗೆ ಹೌದು. ಆದರೆ ಆ 'ಕೆಲವರು' ಯಾರು ಅನ್ನುವುದರಲ್ಲೇ ಇಡೀ ಕತೆ ಇದೆ. ಆ ಕತೆ ತಿಳಿಯದೆ ಅಮ್ಮಂದಿರಿಗೆ ಇಂಜೆಕ್ಷನ್ ಚುಚ್ಚಿಸುವುದು ಸರಿಯಲ್ಲ. ಹಾಗೆಯೇ 'ಅದೆಲ್ಲ ದುಡ್ಡಿದ್ದವರ ತೆಳ್ಳಗಾಗೋ ಶೋಕಿ' ಅಂತ ತಳ್ಳಿಹಾಕುವುದೂ ಸರಿಯಲ್ಲ. ಈ ಮದ್ದುಗಳು ನಮ್ಮಲ್ಲಿಗೆ ಬರಲಿ, ಆದರೆ ನಮ್ಮ ಜನರ ಮಂಡಿಯ ಮೇಲೆ ಪರೀಕ್ಷೆಯಾಗಿ ಬರಲಿ, ಎಲ್ಲಕ್ಕಿಂತ ಅಗ್ಗದ್ದು ಮೊದಲು ಪರೀಕ್ಷೆಯಾಗಲಿ ಅನ್ನುವುದು ನನ್ನ ವಾದ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ಮೊದಲು ನಮ್ಮ ಏರಿಯಾ ಬಗ್ಗೆ ಎರಡು ಮಾತು. ಬನಶಂಕರಿ ಮೂರನೇ ಹಂತದ ಪಕ್ಕದ ಈ ಇಟ್ಟಮಡುವಿನಲ್ಲಿ ಹೆಚ್ಚಿನವು ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತರ ಸೈಟುಗಳು. ಅಷ್ಟು ಜಾಗದಲ್ಲೇ ಕೆಳಗೊಂದು ಬಾಡಿಗೆ ಮನೆ, ಮೇಲೊಂದು ಬಾಡಿಗೆ ಮನೆ, ಅದರ ಮೇಲೆ ಓನರ್ ಮನೆ. ಜಾಗ ಉಳಿಸಲು ಮೆಟ್ಟಿಲುಗಳನ್ನು ಕಡಿದಾಗಿ ಕಟ್ಟಿರುತ್ತಾರೆ. ಲಿಫ್ಟ್ ಅನ್ನುವ ಮಾತೇ ಇಲ್ಲ. ಬಟ್ಟೆ ಒಣಗಿಸಲು ಟೆರೇಸು, ಹಾಲು ತರಕಾರಿಗೆ ಬೀದಿ. ಐವತ್ತು ದಾಟಿದ ಹೆಂಗಸರು ಒಂದು ಕೈ ಗೋಡೆಗೆ, ಒಂದು ಕೈ ಮಂಡಿಗೆ ಇಟ್ಟುಕೊಂಡು ಪಕ್ಕಕ್ಕೆ ತಿರುಗಿ ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಇಲ್ಲಿ ಯಾವ ಬೀದಿಯಲ್ಲಿ ಬೇಕಾದರೂ ನೋಡಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಟಿಕೆಟ್ ಉಚಿತವಾಯಿತು. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಅಷ್ಟೇ ಎತ್ತರದಲ್ಲಿ ಉಳಿಯಿತು. ಎದುರುಮನೆ ಆಂಟಿ ಹೇಳುತ್ತಾರೆ, "ಟಿಕೆಟ್ ಫ್ರೀ ಆಯ್ತಪ್ಪ, ಹತ್ತೋಕೆ ಕಾಲು ಬೇಕಲ್ಲ" ಅಂತ.

ಇದು ನಮ್ಮ ಬೀದಿಯ ಕತೆ ಮಾತ್ರ ಅಲ್ಲ. ದೇಶದ ಐದು ಕಡೆ ಸುಮಾರು ಐದು ಸಾವಿರ ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಆ ಐದರಲ್ಲಿ ಬೆಂಗಳೂರೂ ಒಂದು. ಅದರ ಪ್ರಕಾರ ಮಂಡಿಸವೆತ ಇದ್ದವರು ಶೇಕಡಾ 28.7. ಹೆಂಗಸರು, ವಯಸ್ಸಾದವರು, ತೂಕ ಜಾಸ್ತಿ ಇರುವವರು, ಮೈಬಗ್ಗಿಸಿ ಕೆಲಸ ಮಾಡದವರು, ಇವರಲ್ಲಿ ಇದು ಹೆಚ್ಚು. ಇನ್ನು ಶುಗರ್ ಲೆಕ್ಕ ಬೇರೆ ಹೇಳಬೇಕಾ? ಐಸಿಎಂಆರ್‌ನ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿದ್ದು, ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಹೊಟ್ಟೆಯ ಬೊಜ್ಜು ಇರುವವರು ಶೇಕಡಾ 39.5 ಅಂತ. ಅಂದರೆ ಶುಗರ್, ಹೊಟ್ಟೆ, ಮಂಡಿ ಈ ಮೂರೂ ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ಮೈಯಲ್ಲಿ ಸಂಸಾರ ಹೂಡಿವೆ.

ಹಾಗಾದರೆ ಶುಗರಿನ ಮದ್ದಿಗೂ ಮಂಡಿಗೂ ಎಲ್ಲಿಯ ಸಂಬಂಧ?

ನಾವೆಲ್ಲ ನಂಬಿಕೊಂಡು ಬಂದಿರುವುದು ಮಂಡಿ ಅಂದರೆ ಬಾಗಿಲಿನ ಕೀಲಿನ ಹಾಗೆ, ವಯಸ್ಸಾದಂತೆ ಸವೆಯುತ್ತದೆ, ಅಷ್ಟೇ ಅಂತ. ಇದರಲ್ಲಿ ಸತ್ಯ ಇಲ್ಲದೆ ಇಲ್ಲ. ತೂಕದ ಲೆಕ್ಕ ನೋಡಿ: ಮಂಡಿಸವೆತ ಇರುವ ದಪ್ಪ ಮೈಯವರನ್ನು ನಡೆಸಿ ಅಳೆದ ಅಮೆರಿಕದ ಸಂಶೋಧಕರು 2005ರಲ್ಲಿ ಹೇಳಿದ್ದು, ಮೈಯಲ್ಲಿ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕೆಜಿಯಷ್ಟು ಇಳಿಯುತ್ತದೆ ಅಂತ. ದಿನಕ್ಕೆ ಮೂರು ಸಾವಿರ ಹೆಜ್ಜೆ ಇಡುವವರಿಗೆ ಅದೆಷ್ಟಾಯಿತು ಅಂತ ನೀವೇ ಗುಣಿಸಿಕೊಳ್ಳಿ.

ಆದರೆ ಬರೀ ಭಾರದ ಕತೆಯಾಗಿದ್ದರೆ ಬೊಜ್ಜಿರುವವರಿಗೆ ಕೈಬೆರಳಿನ ಗಂಟುಗಳೂ ಹೆಚ್ಚು ನೋಯುವುದು ಯಾಕೆ? ಕೈಮೇಲೆ ಯಾರೂ ನಡೆಯುವುದಿಲ್ಲವಲ್ಲ :-) ಇಲ್ಲೇ ಇರುವುದು ಗುಟ್ಟು. ಹೊಟ್ಟೆಯ ಸುತ್ತ ಕೂತ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಾ ಇರುತ್ತದೆ. ಮೂಳೆಗಳ ತುದಿಗೆ ಮೆತ್ತೆಯ ಹಾಗಿರುವ ಕಾರ್ಟಿಲೇಜ್, ಅದರ ಸುತ್ತಲಿನ ಪೊರೆ ಎಲ್ಲವೂ ಅದರ ಪೆಟ್ಟು ತಿನ್ನುತ್ತವೆ. ಅಂದರೆ ಮಂಡಿಸವೆತ ಎನ್ನುವುದು ಬರೀ ಸವೆತ ಅಲ್ಲ, ಇಡೀ ಮೈಯ ಕಾಯಿಲೆಯ ಒಂದು ತುದಿಯೂ ಹೌದು. ಹಾಗಿದ್ದಮೇಲೆ ಶುಗರ್, ತೂಕ, ಉರಿಯೂತ ಇವನ್ನು ಇಳಿಸುವ ಮದ್ದು ಮಂಡಿಗೂ ತಟ್ಟಬಹುದು ಅನ್ನುವ ಅನುಮಾನ ಬರುವುದು ಸಹಜವೇ. (ಇಲ್ಲಿ ಹೇಳುತ್ತಿರುವುದು ವಯಸ್ಸಿಗೆ ಬರುವ ಮಂಡಿಸವೆತದ ಬಗ್ಗೆ. ರುಮಟಾಯ್ಡ್ ಅನ್ನುವ ಇನ್ನೊಂದು ಸಂಧಿವಾತ ಇದೆ, ಅದರ ದಾರಿಯೇ ಬೇರೆ.)

ಈಗ ಆ ಪ್ರಸಿದ್ಧ ಅಧ್ಯಯನಕ್ಕೆ ಬರೋಣ. ಎಲ್ಲರೂ ಮಾತಾಡುತ್ತಿರುವ ಮದ್ದಿನ ಹೆಸರು ಸೆಮಾಗ್ಲುಟೈಡ್. ಊಟವಾದ ಮೇಲೆ ನಮ್ಮ ಕರುಳು 'ಸಾಕು' ಅಂತ ಕಳಿಸುವ ಒಂದು ಹಾರ್ಮೋನಿನ ತದ್ರೂಪು ಅದು. ಶುಗರಿಗೆ ಓಜೆಂಪಿಕ್ ಅನ್ನುವ ಹೆಸರಲ್ಲೂ ತೂಕ ಇಳಿಸಲು ಹೆಚ್ಚಿನ ಪ್ರಮಾಣದಲ್ಲಿ ವೆಗೋವಿ ಅನ್ನುವ ಹೆಸರಲ್ಲೂ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಡೆನ್ಮಾರ್ಕಿನ ಹೆನ್ನಿಂಗ್ ಬ್ಲಿಡ್ಡಾಲ್ ಮತ್ತು ಸಂಗಡಿಗರು ಇದರ ಫಲಿತಾಂಶ ಪ್ರಕಟಿಸಿದರು. ಹನ್ನೊಂದು ದೇಶಗಳ 407 ಜನ, ಎಲ್ಲರಿಗೂ ಬೊಜ್ಜು, ಎಲ್ಲರಿಗೂ ಮಂಡಿನೋವು. ಮೂರರಲ್ಲಿ ಎರಡು ಪಾಲು ಜನರಿಗೆ ವಾರಕ್ಕೊಮ್ಮೆ 2.4 ಮಿಲಿಗ್ರಾಂ ಮದ್ದು, ಉಳಿದವರಿಗೆ ಅದೇ ಥರದ ಹುಸಿಮದ್ದು. 68 ವಾರ ನಡೆಯಿತು. ಮದ್ದು ತಗೊಂಡವರ ತೂಕ ಸರಾಸರಿ ಶೇಕಡಾ 13.7ರಷ್ಟು ಇಳಿಯಿತು, ಹುಸಿಮದ್ದಿನವರದು 3.2ರಷ್ಟು. ನೂರಕ್ಕೆ ಸುಮಾರು 71 ಇದ್ದ ನೋವಿನ ಅಂಕ ಮದ್ದಿನವರಲ್ಲಿ 41.7ರಷ್ಟು ಕಡಿಮೆಯಾಯಿತು. ಓಡಾಟವೂ ಸುಧಾರಿಸಿತು.

ಇದು ಸಣ್ಣ ಮಾತಲ್ಲ. ಮಂಡಿನೋವಿಗೆ ದಶಕಗಳಿಂದ ನಮಗೆ ಸಿಕ್ಕಿರುವುದು ನೋವಿನ ಮಾತ್ರೆ, ಎಣ್ಣೆ, ಬೆಲ್ಟು, ಕೊನೆಗೆ ಆಪರೇಷನ್. ಅಂಥದ್ದರಲ್ಲಿ ಈ ಸುದ್ದಿ ಬಂದಾಗ ಜನ ಹಿಗ್ಗುವುದು ನ್ಯಾಯವೇ.

ಆದರೆ ಅದೇ ಕೋಷ್ಟಕದ ಪಕ್ಕದ ಸಾಲನ್ನೂ ಓದಬೇಕಲ್ಲ. ಬರೀ ಹುಸಿಮದ್ದು ಚುಚ್ಚಿಸಿಕೊಂಡವರ ನೋವು ಕೂಡ 27.5 ಅಂಕ ಇಳಿದಿದೆ! ಯಾಕೆ? ನಂಬಿಕೆಯ ಪರಿಣಾಮ ಒಂದಿಷ್ಟು ಇರಬಹುದು. ಆದರೆ ಆ 68 ವಾರ ಎರಡೂ ಗುಂಪಿನವರಿಗೆ ಊಟದ ಬಗ್ಗೆ, ನಡಿಗೆ ವ್ಯಾಯಾಮದ ಬಗ್ಗೆ ಯಾರೋ ಒಬ್ಬರು ಕೂತು ತಿಳಿಹೇಳುತ್ತಿದ್ದರು, ಬಂದು ವಿಚಾರಿಸುತ್ತಿದ್ದರು. ನಮ್ಮಲ್ಲಿ ಮಂಡಿನೋವಿನವರಿಗೆ ಈ ಭಾಗ್ಯ ಎಲ್ಲಿದೆ? "ತೂಕ ಇಳಿಸಿ" ಅಂತ ಚೀಟಿ ಬರೆದು "ನೆಕ್ಸ್ಟ್" ಅನ್ನುತ್ತಾರೆ. ಮದ್ದಿನ ಶುದ್ಧ ಗಳಿಕೆ ಅಂದರೆ ಎರಡರ ನಡುವಿನ ಸುಮಾರು ಹದಿನಾಲ್ಕು ಅಂಕ. ಅದು ನಿಜವಾದ ಗಳಿಕೆಯೇ, ನಾನು ಅಲ್ಲಗಳೆಯುತ್ತಿಲ್ಲ. ಆದರೆ ಮಿಕ್ಕ ಇಪ್ಪತ್ತೇಳನ್ನು ಯಾರೂ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡುವುದಿಲ್ಲ. ಅಧ್ಯಯನಕ್ಕೆ ದುಡ್ಡು ಹಾಕಿದ್ದು ಮದ್ದು ತಯಾರಿಸುವ ನೊವೊ ನಾರ್ಡಿಸ್ಕ್ ಕಂಪನಿ ಅನ್ನುವುದನ್ನೂ ನೆನಪಿಟ್ಟುಕೊಂಡು ಓದಿದರೆ ಒಳ್ಳೆಯದು. ಹಾಗಂತ ಅದು ಸುಳ್ಳು ಅಂತಲ್ಲ. ಯಾವ ಪ್ರಶ್ನೆ ಕೇಳಬೇಕು ಅನ್ನುವುದನ್ನು ದುಡ್ಡು ಹಾಕಿದವರು ನಿರ್ಧರಿಸುತ್ತಾರೆ, ಅಷ್ಟೆ.

ಇನ್ನೊಂದು ವಿಷಯ. ಇದೇ ಜಾತಿಯ ಹಳೆಯ ಮದ್ದು ಲಿರಾಗ್ಲುಟೈಡ್. ನಮ್ಮ ಬೆಂಗಳೂರಿನ ಬಯೋಕಾನ್ 2024ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಒಪ್ಪಿಗೆ ಪಡೆದದ್ದು ಇದರ ಜನರಿಕ್‌ಗೇ. ಇದನ್ನೂ ಮಂಡಿನೋವಿನ 156 ಜನರ ಮೇಲೆ ಡೆನ್ಮಾರ್ಕಿನಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಮೊದಲು ಎಂಟು ವಾರ ಪಥ್ಯ ಮಾಡಿಸಿ ತೂಕ ಇಳಿಸಿ, ಆಮೇಲೆ ಒಂದು ವರ್ಷ ಮದ್ದು ಕೊಟ್ಟರು. ತೂಕ ಇನ್ನಷ್ಟು ಇಳಿಯಿತು, ಆದರೆ ಮಂಡಿನೋವಿನಲ್ಲಿ ಹುಸಿಮದ್ದಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ 'ಈ ಥರದ ಇಂಜೆಕ್ಷನ್ ಯಾವುದಾದರೂ ಸರಿ, ಮಂಡಿಗೆ ಒಳ್ಳೇದು' ಅಂತ ಒಟ್ಟಿಗೆ ಮೂಟೆ ಕಟ್ಟುವ ಹಾಗಿಲ್ಲ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಆ 407 ಜನರ ಸರಾಸರಿ ಬಿಎಂಐ ಎಷ್ಟು ಗೊತ್ತಾ? 40ಕ್ಕೂ ಮೇಲೆ. ಐದಡಿ ಎತ್ತರದ ನಮ್ಮ ಹೆಂಗಸರಿಗೆ ಅದನ್ನು ಹೊಂದಿಸಿದರೆ 93 ಕೆಜಿ ಆಗುತ್ತದೆ. ನಮ್ಮ ಬೀದಿಯಲ್ಲಿ ಮಂಡಿ ಹಿಡಿದುಕೊಂಡು ಇಳಿಯುವ ಆಂಟಿಯರಲ್ಲಿ 93 ಕೆಜಿ ಇರುವವರು ಎಷ್ಟು ಜನ? ಹೆಚ್ಚಿನವರು 60ರಿಂದ 70 ಕೆಜಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್‌ಕಿನ್ 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ತಮ್ಮಿಬ್ಬರ ಫೋಟೋವನ್ನೇ ಹಾಕಿ ಇದನ್ನು ತೋರಿಸಿದ್ದರು. ಇಬ್ಬರದೂ ಬಿಎಂಐ 22.3. ಆದರೆ ಮೈಯ ಕೊಬ್ಬು ಒಬ್ಬರದು ಶೇಕಡಾ 9.1, ನಮ್ಮವರದು 21.2! ನಾವು ಸಣ್ಣಗೆ ಕಂಡರೂ ಒಳಗೆ ಕೊಬ್ಬು ಜಾಸ್ತಿ, ಮಾಂಸಖಂಡ ಕಡಿಮೆ. ಅದಕ್ಕೇ ಅಲ್ಲವೇ ನಮ್ಮ ವೈದ್ಯರು 30ರ ಬದಲು 25ಕ್ಕೇ ಬೊಜ್ಜು ಅಂತ ಗೆರೆ ಎಳೆದಿರುವುದು.

ಈ ಮಾಂಸಖಂಡದ ವಿಷಯ ಮಂಡಿಗೆ ಬಹಳ ಮುಖ್ಯ. ಮಂಡಿಯನ್ನು ಹಿಡಿದು ನಿಲ್ಲಿಸುವುದೇ ತೊಡೆಯ ಮುಂಭಾಗದ ಸ್ನಾಯು. ಈ ಇಂಜೆಕ್ಷನ್ನುಗಳಿಂದ ಇಳಿಯುವ ತೂಕವೆಲ್ಲ ಕೊಬ್ಬಲ್ಲ. ಕಾಲು ಭಾಗದಿಂದ ಹಿಡಿದು ನೂರಕ್ಕೆ ನಲವತ್ತರಷ್ಟು ಕೊಬ್ಬಲ್ಲದ ಭಾಗ, ಅಂದರೆ ಸ್ನಾಯುವೂ ಸೇರಿದಂತೆ, ಕರಗಿದ್ದು ಬೇರೆ ಬೇರೆ ಅಧ್ಯಯನಗಳಲ್ಲಿ ಕಂಡಿದೆ. 108 ಕೆಜಿಯ ಗಟ್ಟಿ ಮೈಯವರಿಗೆ ಅದು ತಡೆಯಬಹುದು. ಅನ್ನ ಸಾರು ಪಲ್ಯದಲ್ಲೇ ಬದುಕಿರುವ, ಬೇಳೆಯ ಗಟ್ಟಿಯನ್ನು ಮಕ್ಕಳಿಗೆ ಬಡಿಸಿ ತಿಳಿ ತಾನು ಹಾಕಿಕೊಳ್ಳುವ 65 ಕೆಜಿಯ ನಮ್ಮ ಆಂಟಿಗೆ ಹಸಿವನ್ನೂ ಕಡಿಮೆ ಮಾಡಿ, ತೊಡೆಯ ಶಕ್ತಿಯನ್ನೂ ಇಳಿಸಿದರೆ? ನೋವು ಕಡಿಮೆಯಾಗಬಹುದು, ಬಚ್ಚಲುಮನೆಯಲ್ಲಿ ಜಾರಿ ಬೀಳುವುದು ಜಾಸ್ತಿಯಾಗಬಹುದು. ಇದು ನನ್ನ ಭಯ ಮಾತ್ರ, ಸಾಬೀತಾದ ಮಾತಲ್ಲ. ಹೌದೋ ಅಲ್ಲವೋ ಅಂತ ತಿಳಿಯಬೇಕಿದ್ದರೆ ನಮ್ಮವರ ಮೇಲೇ ನೋಡಬೇಕು.

ಮದ್ದು ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿದೆ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದದ್ದನ್ನು ಅದರದೇ ಒಂದು ಅಧ್ಯಯನ ತೋರಿಸಿದೆ. ಅಂದರೆ ಇದು ಕೋರ್ಸ್ ಅಲ್ಲ, ಕಂತು.

ಕಂತು ಎಷ್ಟು ಅಂತೀರಾ? ಟಿರ್ಜೆಪಟೈಡ್ ಅನ್ನುವ ಇದರ ಸೋದರ ಮದ್ದು ಮೌಂಜಾರೋ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ವಾರದ ಒಂದು ಸೀಸೆಗೆ 3,500 ಮತ್ತು 4,375 ರೂಪಾಯಿ ಇತ್ತು. ವೆಗೋವಿ ಅದೇ ವರ್ಷ ಜೂನ್‌ನಲ್ಲಿ ಬಂದಾಗ ತಿಂಗಳಿಗೆ 17 ಸಾವಿರದಿಂದ 26 ಸಾವಿರ. ನಮ್ಮ ಏರಿಯಾದಲ್ಲಿ ಅದು ಒಂದು ಮನೆಯ ಬಾಡಿಗೆ! ಆಮೇಲೆ ಬೆಲೆ ಇಳಿಯಲು ಶುರುವಾಯಿತು. ಸೆಮಾಗ್ಲುಟೈಡಿನ ಪೇಟೆಂಟು ಭಾರತದಲ್ಲಿ 2026ರ ಮಾರ್ಚ್ ತನಕ ಮಾತ್ರ. ಅದು ಮುಗಿದ ಮೇಲೆ ನಮ್ಮ ಕಂಪನಿಗಳೇ ತಯಾರಿಸಲು ಅಡ್ಡಿಯಿಲ್ಲ. ಅಗ್ಗವಾಗುವುದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ಚೀಟಿ ಇಲ್ಲದೆ ಏನೇನು ಸಿಗುತ್ತದೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಅಗ್ಗವಾದ ದಿನವೇ "ಮಂಡಿನೋವಾ? ಇದು ಹಾಕಿಸಿಕೊಳ್ಳಿ" ಶುರುವಾಗುತ್ತದೆ. ಈ ಮದ್ದಿಗೆ ನಮ್ಮಲ್ಲಿ ಒಪ್ಪಿಗೆ ಇರುವುದು ಶುಗರಿಗೆ, ತೂಕಕ್ಕೆ. ಮಂಡಿನೋವಿಗೆ ಅಂತ ಅಲ್ಲ.

ಈ ಗದ್ದಲದಲ್ಲಿ ಯಾರೂ ಗಮನಿಸದ ಇನ್ನೊಂದು ಸುದ್ದಿ ಇದೆ. ನಾನು ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ. ಮೆಟ್‌ಫಾರ್ಮಿನ್ ಗೊತ್ತಲ್ಲ? ಶುಗರ್ ಅಂತ ಗೊತ್ತಾದ ದಿನ ಡಾಕ್ಟರು ಮೊದಲು ಬರೆಯುವ ಬಿಳಿ ಮಾತ್ರೆ. 1957ರಿಂದ ಬಳಕೆಯಲ್ಲಿದೆ. 500 ಮಿಲಿಗ್ರಾಮಿನ ಮಾತ್ರೆ ಒಂದಕ್ಕೆ ಒಂದೆರಡು ರೂಪಾಯಿ, ಜನೌಷಧಿ ಅಂಗಡಿಯಲ್ಲೂ ಸಿಗುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇದನ್ನು ಮಂಡಿಸವೆತ ಇರುವ, ತೂಕ ಹೆಚ್ಚಿರುವ 107 ಜನರ ಮೇಲೆ ಪರೀಕ್ಷಿಸಿ 2025ರಲ್ಲಿ ಜಾಮಾ ಪತ್ರಿಕೆಯಲ್ಲಿ ಪ್ರಕಟಿಸಿದರು. ದಿನಕ್ಕೆ 2000 ಮಿಲಿಗ್ರಾಂವರೆಗೆ, ಆರು ತಿಂಗಳು. ನೂರರ ಅಳತೆಯಲ್ಲಿ ಮೆಟ್‌ಫಾರ್ಮಿನ್‌ನವರ ನೋವು 31.3 ಇಳಿಯಿತು, ಹುಸಿಮದ್ದಿನವರದು 18.9. ವ್ಯತ್ಯಾಸ ಹನ್ನೊಂದು ಹನ್ನೆರಡು. ಅಂದರೆ ಆ ದುಬಾರಿ ಇಂಜೆಕ್ಷನ್ನಿನ ಹದಿನಾಲ್ಕಕ್ಕೆ ತೀರಾ ದೂರವೇನಲ್ಲ! ಎರಡೂ ಬೇರೆ ಬೇರೆ ಅಧ್ಯಯನ, ನೋವು ಅಳೆದ ರೀತಿಯೂ ಬೇರೆ, ಹಾಗಾಗಿ ಪಕ್ಕಪಕ್ಕ ಇಟ್ಟು ತಕ್ಕಡಿಯಲ್ಲಿ ತೂಗುವುದು ಪೂರ್ತಿ ಸರಿಯಲ್ಲ. ಆದರೂ ನಮ್ಮವರಿಗೆ ಹೆಚ್ಚು ಹತ್ತಿರದ ಅಧ್ಯಯನ ಇದೇ ಅಂತ ನನಗನ್ನಿಸುತ್ತದೆ, ಯಾಕೆಂದರೆ ಇದಕ್ಕೆ ಬಿಎಂಐ 25 ಇದ್ದರೆ ಸಾಕಿತ್ತು. ಅದೂ ಅಲ್ಲದೆ ಇಡೀ ಅಧ್ಯಯನವನ್ನು ಅವರು ನಡೆಸಿದ್ದು ದೂರದಿಂದ, ಟೆಲಿಮೆಡಿಸಿನ್ ಮೂಲಕ. ಅಂದರೆ ಇಂಥದ್ದು ಮಾಡಲು ಕೋಟಿ ಕೋಟಿ ಬೇಕಿಲ್ಲ.

ತಕ್ಷಣ ನೀವು ಕೇಳಬಹುದು: "ನಮ್ಮ ಅರ್ಧ ಬೀದಿ ಮೆಟ್‌ಫಾರ್ಮಿನ್ ನುಂಗ್ತಾ ಇದೆ, ಮತ್ತೆ ಮಂಡಿನೋವು ಯಾಕೆ ಹೋಗಿಲ್ಲ?" ಒಳ್ಳೆಯ ಪ್ರಶ್ನೆ. ಒಂದು, ಹೆಚ್ಚಿನವರು ನುಂಗುವ ಪ್ರಮಾಣ ಅದಕ್ಕಿಂತ ಕಡಿಮೆ. ಎರಡು, ನುಂಗದೇ ಇದ್ದಿದ್ದರೆ ಅವರ ಮಂಡಿ ಹೇಗಿರುತ್ತಿತ್ತು ಅನ್ನುವುದನ್ನು ಯಾರೂ ನೋಡಿಲ್ಲ. ಮೂರು, 107 ಜನ ಅನ್ನುವುದು ಸಣ್ಣ ಲೆಕ್ಕ, ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಇದು ಉಲ್ಟಾ ಹೊಡೆಯಬಹುದು. ಆ ದೊಡ್ಡ ಅಧ್ಯಯನವನ್ನು ಯಾರು ಮಾಡಬೇಕು? ಒಂದೂವರೆ ರೂಪಾಯಿ ಮಾತ್ರೆಯ ಮೇಲೆ ಯಾವ ಕಂಪನಿ ದುಡ್ಡು ಸುರಿಯುತ್ತದೆ? ಲಾಭವಿಲ್ಲದ ಪ್ರಶ್ನೆಯನ್ನು ಸರ್ಕಾರವೇ ಕೇಳಬೇಕು. ಇದಕ್ಕೆಂದೇ ಅಲ್ಲವೇ ಐಸಿಎಂಆರ್ ಇರುವುದು, ಸರ್ಕಾರಿ ಆಸ್ಪತ್ರೆಗಳಿರುವುದು? ಜಯನಗರದ ಹತ್ತಿರವೇ ಸಂಜಯ ಗಾಂಧಿ ಮೂಳೆ ಆಸ್ಪತ್ರೆ ಇದೆ. ಮಂಡಿ ಹಿಡಿದುಕೊಂಡು ಬರುವ ಜನಕ್ಕೆ ಅಲ್ಲೇನು ಕೊರತೆಯಿಲ್ಲ.

(ಇಷ್ಟು ಓದಿ ಯಾರೂ ನಾಳೆ ತಾವೇ ಮೆಟ್‌ಫಾರ್ಮಿನ್ ಶುರು ಮಾಡಬೇಡಿ ದಯವಿಟ್ಟು. ಕಿಡ್ನಿ ಸರಿಯಿಲ್ಲದವರಿಗೆ ಅದು ಅಪಾಯ, ಹೊಟ್ಟೆ ಕೆಡಿಸುತ್ತದೆ, ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯುತ್ತದೆ. ಇಂಜೆಕ್ಷನ್ನಿಗೂ ಅಷ್ಟೆ: ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ, ಪಿತ್ತಕೋಶದ ಕಲ್ಲು ಮತ್ತು ಅಪರೂಪಕ್ಕೆ ಮೇದೋಜ್ಜೀರಕದ ಊತ ಆಗಬಹುದು.)

ಇದೆಲ್ಲ ನನಗೆ ಓದಿನ ವಿಷಯ ಮಾತ್ರ ಅಲ್ಲ. ನಮ್ಮಮ್ಮನಿಗೆ 71. ಎರಡನೇ ಮಹಡಿಯಲ್ಲಿ ಇದ್ದೇವೆ. ಶುಗರ್ ಬಂದು ಹನ್ನೆರಡು ವರ್ಷವಾಯಿತು. ವಾಟ್ಸಾಪಿನಲ್ಲಿ ಆ ಸುದ್ದಿ ಬಂದ ದಿನ ಕೇಳಿದಳು, "ನೋಡೋ, ಇದು ನಂಗೂ ಆಗತ್ತಾ?" ಅಂತ. ಆ ಪ್ರಶ್ನೆಯಲ್ಲಿ ಎಷ್ಟು ಆಸೆ ಇತ್ತು ಅಂದರೆ ತಕ್ಷಣ ಉತ್ತರ ಕೊಡಲಾಗಲಿಲ್ಲ. ಅವಳ ಎಕ್ಸ್‌ರೇ ಪ್ರಕಾರ ಎಡಮಂಡಿ ನಾಲ್ಕನೇ ಹಂತ, ಅಂದರೆ ಮೂಳೆಗೆ ಮೂಳೆ ತಾಗಿದೆ. ಸೆಮಾಗ್ಲುಟೈಡ್ ಅಧ್ಯಯನದಲ್ಲಿ ತಗೊಂಡಿದ್ದು ಎರಡು ಮತ್ತು ಮೂರನೇ ಹಂತದವರನ್ನು ಮಾತ್ರ. ಸವೆದು ಹೋದ ಮೆತ್ತೆಯನ್ನು ಈ ಮದ್ದು ಮತ್ತೆ ಬೆಳೆಸುತ್ತದೆ ಅಂತ ಆ ಅಧ್ಯಯನ ಹೇಳಿಲ್ಲ. ಹಾಗಾಗಿ ಎಡಮಂಡಿಗೆ ಅವಳ ಡಾಕ್ಟರು ಹೇಳಿದ್ದು ಆಪರೇಷನ್ನೇ. ಎರಡನೇ ಹಂತದಲ್ಲಿರುವ ಬಲಮಂಡಿಗೆ ದಿನಾ ಎರಡು ಹೊತ್ತು ತೊಡೆಯ ವ್ಯಾಯಾಮ: ಮಲಗಿ ಕಾಲು ನೇರ ಎತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು. ಊಟದಲ್ಲಿ ಅನ್ನ ಒಂದು ಸೌಟು ಕಡಿಮೆ, ಕಾಳು ಮೊಸರು ಜಾಸ್ತಿ. ಮೂರು ತಿಂಗಳಾಯಿತು. ಪವಾಡವೇನೂ ಆಗಿಲ್ಲ. ಆದರೆ ಬಚ್ಚಲಿನ ಸ್ಟೂಲಿಂದ ಈಗ ಒಬ್ಬಳೇ ಏಳುತ್ತಾಳೆ.

ಇಲ್ಲೇ ಇನ್ನೊಂದು ಕಡೆಯವರಿಗೂ ಒಂದು ಮಾತು ಹೇಳಬೇಕು. "ಎಲ್ಲಾ ಸೋಮಾರಿತನ, ಬೆಳಗ್ಗೆ ಎದ್ದು ವಾಕಿಂಗ್ ಮಾಡಿದ್ರೆ ಎಲ್ಲ ಸರಿಹೋಗತ್ತೆ" ಅನ್ನುವವರು. ನಮ್ಮ ಹೆಂಗಸರು ಸೋಮಾರಿಗಳಾ? ಬೆಳಗ್ಗೆ ಐದಕ್ಕೆದ್ದು ರಾತ್ರಿ ಹನ್ನೊಂದರವರೆಗೆ ನಿಂತೇ ಇರುತ್ತಾರೆ. ಎಲ್ಲರದೂ ಊಟವಾದ ಮೇಲೆ ಉಳಿದದ್ದು ಚೆಲ್ಲಬಾರದು ಅಂತ ತಾವು ತಿನ್ನುತ್ತಾರೆ. ನಡೆಯಲು ಫುಟ್‌ಪಾತ್ ಎಲ್ಲಿದೆ? ಇದ್ದ ಕಡೆ ಅದರ ಮೇಲೆ ಸ್ಕೂಟರ್ ನಿಂತಿರುತ್ತದೆ. ನೋಯುವ ಮಂಡಿಗೆ ನಡೆ ಅನ್ನುವುದು, ನಡೆಯದಿದ್ದರೆ ತೂಕ ಏರುವುದು, ತೂಕ ಏರಿದರೆ ಇನ್ನೂ ನೋಯುವುದು, ಈ ಸುತ್ತು ಬೈಗುಳದಿಂದ ಬಿಚ್ಚುವುದಿಲ್ಲ. ಈ ಸುತ್ತನ್ನು ಎಲ್ಲೋ ಒಂದು ಕಡೆ ಬಿಚ್ಚಲು ಒಂದು ಮದ್ದು ನೆರವಾಗುವುದಾದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಬಿಪಿಗೆ ಮಾತ್ರೆ ನುಂಗುವವರನ್ನು ಯಾರಾದರೂ ಸೋಮಾರಿ ಅನ್ನುತ್ತಾರಾ?

ಆದರೆ ಮದ್ದಿಲ್ಲದೆಯೂ ಆಗುತ್ತದೆ ಅನ್ನುವುದಕ್ಕೂ ಪುರಾವೆ ಇದೆ. ಅಮೆರಿಕದಲ್ಲಿ 454 ಜನರ ಮೇಲೆ ಹದಿನೆಂಟು ತಿಂಗಳು ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಥ್ಯ ಮತ್ತು ವ್ಯಾಯಾಮ ಎರಡನ್ನೂ ಮಾಡಿದವರು ಶೇಕಡಾ 11ರಷ್ಟು ತೂಕ ಇಳಿಸಿದರು, ನೋವು ಸುಮಾರು ಅರ್ಧ ಇಳಿಯಿತು. ಅವರಿಗೆ ಸಿಕ್ಕಿದ್ದು ಪ್ರವಚನವಲ್ಲ. ವಾರಕ್ಕೆ ಮೂರು ದಿನ ಕೈಹಿಡಿದು ವ್ಯಾಯಾಮ ಮಾಡಿಸುವ ಜನ, ಊಟದ ಲೆಕ್ಕ ನೋಡಿಕೊಳ್ಳುವ ಜನ. ಅದೂ ಒಂದು ಚಿಕಿತ್ಸೆ, ಅದಕ್ಕೂ ಖರ್ಚಿದೆ, ಅದನ್ನೂ ಯಾರಾದರೂ ಕೊಡಬೇಕು.

ಹಾಗಾಗಿ ನನ್ನ ಬೇಡಿಕೆಗಳು ಮೂರು.

ಒಂದು, ಕರ್ನಾಟಕದಲ್ಲೇ, ನಮ್ಮ ಬಿಎಂಐಯ, ನಮ್ಮ ವಯಸ್ಸಿನ ಹೆಂಗಸರ ಮಂಡಿಯ ಮೇಲೆ ಮೊದಲು ಮೆಟ್‌ಫಾರ್ಮಿನ್, ಆಮೇಲೆ ಅಗ್ಗದ ಸೆಮಾಗ್ಲುಟೈಡ್ ಪರೀಕ್ಷೆಯಾಗಲಿ. ನೋವಿನ ಜೊತೆಗೆ ತೊಡೆಯ ಶಕ್ತಿಯನ್ನೂ ಅಳೆಯಲಿ, ಬಿದ್ದವರ ಲೆಕ್ಕವನ್ನೂ ಇಡಲಿ.

ಎರಡು, ಮಂಡಿಗೆ ಉಪಯೋಗ ಅಂತ ಸಾಬೀತಾದರೆ ಬೆಲೆಗೆ ಮಿತಿ ಹಾಕಲಿ. ಇದು ಆಗದ ಮಾತೇನಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಒಂದೂವರೆ ಲಕ್ಷ ದಾಟುತ್ತಿದ್ದ ಸಾಮಾನ್ಯ ಕೃತಕ ಮಂಡಿ 54,720 ರೂಪಾಯಿಗೆ ಇಳಿಯಿತು. ಲೋಹದ ಮಂಡಿಗೆ ಮಾಡಿದ್ದನ್ನು ನಿಜವಾದ ಮಂಡಿ ಉಳಿಸಲು ಮಾಡಬಾರದೇ? ಬೆಲೆಮಿತಿಯ ಜೊತೆಗೇ ಚೀಟಿಯಿಲ್ಲದ ಮಾರಾಟಕ್ಕೆ ಕಡಿವಾಣವೂ ಬೀಳಲಿ.

ಮೂರು, ಮದ್ದು ಬರಲಿ ಬಿಡಲಿ, ನಮ್ಮ ಕ್ಲಿನಿಕ್‌ಗಳಲ್ಲಿ ವಾರಕ್ಕೆ ಎರಡು ದಿನವಾದರೂ ಒಬ್ಬ ಫಿಸಿಯೋಥೆರಪಿಸ್ಟ್ ಕೂರಲಿ. ಹತ್ತು ಜನ ಆಂಟಿಯರನ್ನು ಸಾಲಾಗಿ ಕೂರಿಸಿ ಕುರ್ಚಿಯಿಂದ ಏಳುವುದನ್ನು ಹೇಳಿಕೊಟ್ಟರೂ ಸಾಕು. ಹುಸಿಮದ್ದಿನವರಿಗೆ ಸಿಕ್ಕ ಆ 27 ಅಂಕದಲ್ಲಿ ಅರ್ಧವಾದರೂ ನಮ್ಮವರಿಗೆ ಸಿಕ್ಕೀತು.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಯಾರಾದರೂ ಈ ಇಂಜೆಕ್ಷನ್ ಬಗ್ಗೆ ಕೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ನಾಲ್ಕೇ ಪ್ರಶ್ನೆ ಕೇಳಿ: ಇವರ ಮಂಡಿ ಎಷ್ಟನೇ ಹಂತ? ಇವರ ತೂಕಕ್ಕೆ ಇದು ಹೊಂದುತ್ತದಾ? ಸ್ನಾಯು ಕರಗದ ಹಾಗೆ ಜೊತೆಗೆ ಏನು ಮಾಡಬೇಕು? ನಿಲ್ಲಿಸುವುದು ಯಾವಾಗ, ನಿಲ್ಲಿಸಿದ ಮೇಲೆ ಏನು? ಈ ನಾಲ್ಕಕ್ಕೂ ಕೂತು ಉತ್ತರ ಹೇಳುವ ಡಾಕ್ಟರು ಸಿಕ್ಕರೆ ಅವರ ಮಾತು ಕೇಳಿ, ನನ್ನದಲ್ಲ.

ಶುಗರಿಗೋ ತೂಕಕ್ಕೋ ಈ ಇಂಜೆಕ್ಷನ್ ತಗೊಳ್ಳುತ್ತಿರುವವರು ನಿಮ್ಮ ಪೈಕಿ ಯಾರಾದರೂ ಇದ್ದರೆ, ಮಂಡಿ ಹೇಗಿದೆ ಅಂತ ಬರೆದು ತಿಳಿಸಿ. ಒಳ್ಳೆಯದಾಗಿದ್ದರೂ ಸರಿ, ಆಗದಿದ್ದರೂ ಸರಿ.